ಬಿಸಿ ಸರಿಯಾಗಿ ಅಳೆಯುತ್ತದೆ, ಕಾರಣ ಮಾತ್ರ ಕೇಳಬೇಡಿ: ಐಟಿಸಿ ಯಂತ್ರದ ಜೊತೆ ನಾಲ್ಕು ವರ್ಷ

ಮೊದಲೇ ಹೇಳಿಬಿಡುತ್ತೇನೆ, ದ್ರಾವಣಗಳು ಸೇರುವಾಗಿನ ಬಿಸಿ ಅಳೆಯುವ ಈ ಐಟಿಸಿ ಯಂತ್ರಕ್ಕೆ ನನ್ನ ಅಂಕ ಐದಕ್ಕೆ ಮೂರೂವರೆ ಸ್ಟಾರ್. ಪ್ರೋಟೀನ್ ಕೆಲಸಕ್ಕೆ ಮಾತ್ರ ಬಳಸಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ. ಆದರೆ ನಮ್ಮ ಲ್ಯಾಬ್‌ನಲ್ಲಿ ಇದಕ್ಕೆ ಬೀಳುವ ಕೆಲಸದಲ್ಲಿ ಮುಕ್ಕಾಲು ಪಾಲು ಚಾರ್ಜ್ ಇರುವ ಪಾಲಿಮರ್‌ಗಳದ್ದು. ಪ್ಲಸ್ ಚಾರ್ಜಿನ ಉದ್ದ ಸರಪಳಿ ಒಂದು ಕಡೆ, ಮೈನಸ್ ಚಾರ್ಜಿನದು ಇನ್ನೊಂದು ಕಡೆ. ನೀರಿನಲ್ಲಿ ಎರಡೂ ಸೇರಿದಾಗ ಎಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ, ಎಷ್ಟಕ್ಕೆ ಎಷ್ಟು ಸೇರುತ್ತವೆ ಅಂತ ನೋಡುವುದು. ಕಳೆದುಹೋದ ಆ ಒಂದು ಸ್ಟಾರ್ ಎಲ್ಲಿ ಹೋಯಿತು ಅಂತ ಹೇಳುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಕಂಪನಿಯ ಹೆಸರು ಹಾಕುತ್ತಿಲ್ಲ. ಇಲ್ಲಿರುವ ದೂರುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಯಾವ ಐಟಿಸಿಗಾದರೂ ಹೊಂದುತ್ತವೆ.

ಐಟಿಸಿ ಅಂದರೆ ಐಸೋಥರ್ಮಲ್ ಟೈಟ್ರೇಷನ್ ಕ್ಯಾಲೊರಿಮೀಟರ್. ಹೊರಗಿನಿಂದ ನೋಡಿದರೆ ಒಂದು ಬೂದು ಪೆಟ್ಟಿಗೆ, ಅದರ ತಲೆಯ ಮೇಲೆ ಸಿರಿಂಜ್. ಒಳಗೆ ನಾಣ್ಯದಂಥ ಎರಡು ಪುಟ್ಟ ಲೋಹದ ಸೆಲ್‌ಗಳು. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ನಮ್ಮ ದ್ರಾವಣ, ಸುಮಾರು 200 ಮೈಕ್ರೋಲೀಟರ್. ಸಿರಿಂಜಿನಲ್ಲಿ 40 ಮೈಕ್ರೋಲೀಟರ್. ಎರಡೂ ಸೆಲ್‌ಗಳನ್ನು ಒಂದೇ ಬಿಸಿಯಲ್ಲಿ ಇಡುವುದಕ್ಕೆ ಯಂತ್ರ ಸದಾ ಒಂದಿಷ್ಟು ಕರೆಂಟ್ ಕೊಡುತ್ತಿರುತ್ತದೆ. ಸಿರಿಂಜಿನಿಂದ 2 ಮೈಕ್ರೋಲೀಟರ್ ಇಳಿದ ಕೂಡಲೇ ಒಳಗೆ ಬಿಸಿ ಹುಟ್ಟಿದರೆ ಕರೆಂಟ್ ಕಡಿಮೆ ಮಾಡುತ್ತದೆ, ಬಿಸಿ ಎಳೆದುಕೊಂಡರೆ ಜಾಸ್ತಿ ಮಾಡುತ್ತದೆ. ಆ ಏರಿಳಿತವೇ ನಮ್ಮ ಡೇಟಾ. ನಮ್ಮದರಲ್ಲಿ ಬಿಸಿ ಹೊರಬಂದರೆ ಗೆರೆ ಕೆಳಗೆ ಬೀಳುತ್ತದೆ. ಬೇರೆ ಕಂಪನಿಯ ಯಂತ್ರದಲ್ಲಿ ಇದು ತಿರುಗುಮುರುಗು ಇರಬಹುದು, ಹಳೇ ಗ್ರಾಫ್ ಜೊತೆ ಹೋಲಿಸುವಾಗ ಹುಷಾರು.

ಇದರ ಸೂಕ್ಷ್ಮತೆಗೆ ಮಾತ್ರ ಕೈ ಮುಗಿಯಬೇಕು. ಒಂದು ಮೈಕ್ರೋಕ್ಯಾಲೊರಿ 200 ಮೈಕ್ರೋಲೀಟರ್ ನೀರಿಗೆ ಸೇರಿದರೆ ಬಿಸಿ ಏರುವುದು ಡಿಗ್ರಿಯ ಹತ್ತು ಲಕ್ಷದಲ್ಲಿ 5 ಪಾಲು ಅಷ್ಟೇ. ಅಂಥದ್ದನ್ನು ಇದು ಆರಾಮಾಗಿ ಹಿಡಿಯುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಕ್ಯಾಲ್ಸಿಯಂ ಹಿಡಿದುಕೊಳ್ಳುವ ಇಡಿಟಿಎ ಹಾಕಿ ತಿಂಗಳಿಗೊಮ್ಮೆ ಪರೀಕ್ಷೆ ಮಾಡುತ್ತೇನೆ. ನಾಲ್ಕು ವರ್ಷದಲ್ಲಿ ಒಂದು ಸಲವೂ ಅಂಕಿ ಆಚೀಚೆ ಆಗಿಲ್ಲ. ಯಂತ್ರದ ಕೆಲಸದ ಬಗ್ಗೆ ನನ್ನ ತಕರಾರು ಏನೂ ಇಲ್ಲ.

ತಕರಾರು ಶುರುವಾಗಿದ್ದು ಮೊದಲನೇ ವರ್ಷ, ಪಿಎಚ್‌ಡಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಪಾಲಿಅಕ್ರಿಲಿಕ್ ಆಸಿಡ್ ಹಿಡಿದುಕೊಂಡು ಬಂದಾಗ. ಅದು ಮೈನಸ್. ಜೊತೆಗೆ ಪಾಲಿ-ಡ್ಯಾಡ್‌ಮ್ಯಾಕ್, ಅದು ಪ್ಲಸ್. ನೀರು ಶುದ್ಧ ಮಾಡುವ ಕಡೆ ಕೊಳೆ ಕೆಳಗೆ ಕೂರಿಸುವುದಕ್ಕೆ ಹಾಕುತ್ತಾರಲ್ಲ, ಅದೇ ಪಾಲಿಮರ್. ಫಾಸ್ಫೇಟ್ ಬಫರ್‌ನಲ್ಲಿ, ಅಂದರೆ ಪಿಎಚ್ ಅಲುಗದಂತೆ ಹಿಡಿದಿಡುವ ದ್ರಾವಣದಲ್ಲಿ, ಎರಡನ್ನೂ ಕಲಸಿ ರಾತ್ರಿ ಓಡಿಸಿ ಹೋದ. ಬೆಳಿಗ್ಗೆ ಮುಖ ಬಾಡಿತ್ತು.

"ಮೇಡಂ, ಉಲ್ಟಾ ಬಂದಿದೆ. ಗೆರೆ ಮೇಲಕ್ಕೆ ಹೋಗಿದೆ. ಪ್ಲಸ್ಸು ಮೈನಸ್ಸು ಸೇರಿದರೆ ಬಿಸಿ ಬರಬೇಕಲ್ವಾ?"

"ಯಾರು ಹೇಳಿದ್ದು?"

"ಸೆಳೆಯುತ್ತವಲ್ಲ ಮೇಡಂ."

ಸೆಳೆಯುತ್ತವೆ, ನಿಜ. ಆದರೆ ಅವು ಬರಿಗೈಯಲ್ಲಿ ಬಂದಿರುವುದಿಲ್ಲ. ಪಾಲಿಅಕ್ರಿಲಿಕ್ ಸರಪಳಿಯ ಪ್ರತಿ ಮೈನಸ್ ಪಕ್ಕದಲ್ಲಿ ಒಂದು ಸೋಡಿಯಂ ಇರುತ್ತದೆ. ಡ್ಯಾಡ್‌ಮ್ಯಾಕ್ ಸರಪಳಿಯ ಪ್ರತಿ ಪ್ಲಸ್ ಪಕ್ಕದಲ್ಲಿ ಒಂದು ಕ್ಲೋರೈಡ್. ಮಾಮೂಲಿ ಉಪ್ಪಾದರೆ ನೀರಿಗೆ ಬಿದ್ದ ಕೂಡಲೇ ಈ ಅಯಾನುಗಳು ದೂರ ಹೋಗಿಬಿಡುತ್ತವೆ. ಸರಪಳಿಯಲ್ಲಿ ಹಾಗಾಗುವುದಿಲ್ಲ. ಅಕ್ರಿಲಿಕ್‌ನಂಥ ಸರಪಳಿಯಲ್ಲಿ ಅಕ್ಕಪಕ್ಕದ ಎರಡು ಚಾರ್ಜ್‌ಗಳ ನಡುವೆ ಬರೀ 0.25 ನ್ಯಾನೊಮೀಟರ್. 25 ಡಿಗ್ರಿ ನೀರಿನಲ್ಲಿ ಎರಡು ಚಾರ್ಜ್‌ಗಳ ನಡುವಿನ ಶಕ್ತಿ ಉಷ್ಣದ ಕುಣಿತಕ್ಕೆ ಸರಿಸಮ ಆಗುವುದು 0.7 ನ್ಯಾನೊಮೀಟರ್ ದೂರದಲ್ಲಿ. ಚಾರ್ಜ್‌ಗಳು ಅದಕ್ಕಿಂತ ಒತ್ತೊತ್ತಾಗಿ ಕೂತರೆ ಅಯಾನುಗಳಲ್ಲಿ ಒಂದಷ್ಟು ಸರಪಳಿಯನ್ನು ಬಿಟ್ಟು ಹೋಗುವುದೇ ಇಲ್ಲ ಅಂತ ಜೆರಾಲ್ಡ್ ಮ್ಯಾನಿಂಗ್ ಅನ್ನುವ ವಿಜ್ಞಾನಿ 1969ರಲ್ಲೇ ಲೆಕ್ಕ ಕೊಟ್ಟಿದ್ದಾರೆ. ಎಲ್ಲ ಗುಂಪಿನಲ್ಲೂ ಚಾರ್ಜ್ ಇದೆ ಅಂದುಕೊಂಡರೆ, ಆ ಲೆಕ್ಕದ ಪ್ರಕಾರ ಮೂರರಲ್ಲಿ ಹತ್ತಿರ ಹತ್ತಿರ ಎರಡು ಪಾಲು ಸೋಡಿಯಂ ಸರಪಳಿಯ ಮೈಮೇಲೇ ಅಂಟಿಕೊಂಡಿರುತ್ತದೆ.

ಈಗ ಪ್ಲಸ್ ಸರಪಳಿ ಬಂದು ಮೈನಸ್ ಸರಪಳಿಯನ್ನು ತಬ್ಬಿಕೊಂಡರೆ? ಇಷ್ಟು ದಿನ ಕಾವಲಿಗೆ ಕೂತಿದ್ದ ಸೋಡಿಯಂ, ಕ್ಲೋರೈಡ್ ಎಲ್ಲ ಒಮ್ಮೆಗೇ ಬಿಡುಗಡೆ. ನೂರಾರು ಪುಟ್ಟ ಅಯಾನುಗಳಿಗೆ ಓಡಾಡಲು ಇಡೀ ಸೆಲ್ ಸಿಕ್ಕಿತು. ಅಂದರೆ ಎಂಟ್ರೊಪಿ ಏರಿತು. ಈ ಸರಪಳಿಗಳು ಒಂದಾಗುವುದಕ್ಕೆ ಮುಖ್ಯ ಕಾರಣ ಅದೇ. ಒಂದು ಜೋಡಿ ಅಯಾನು ಬಿಟ್ಟು ಇನ್ನೊಂದು ಜೋಡಿ ಕಟ್ಟಿಕೊಂಡದ್ದರಿಂದ ಬಿಸಿಯ ಲೆಕ್ಕದಲ್ಲಿ ಸಿಗುವುದು ಚಿಲ್ಲರೆ. ಎಷ್ಟೋ ಜೋಡಿಗಳಲ್ಲಿ ಅದು ಮೋಲ್‌ಗೆ ಒಂದೆರಡು ಕಿಲೊಜೂಲ್. ಕೊಠಡಿಯ ಬಿಸಿಯಲ್ಲಿ ಉಷ್ಣದ ಕುಣಿತವೇ ಮೋಲ್‌ಗೆ 2.5 ಕಿಲೊಜೂಲ್ ಇರುತ್ತದೆ, ಇದು ಅದನ್ನೂ ಮೀರುವುದಿಲ್ಲ. ಪ್ಲಸ್ ಬರಬಹುದು, ಮೈನಸ್ ಬರಬಹುದು. ಹುಡುಗನ ಗೆರೆ ಉಲ್ಟಾ ಬಂದಿರಲಿಲ್ಲ, ಸರಿಯಾಗೇ ಬಂದಿತ್ತು.

ಇಲ್ಲಿ ಯಂತ್ರದ ಮೊದಲ ಮಿತಿ ಕಾಣುತ್ತದೆ. ಬಿಸಿ ಅಳೆಯುವ ಯಂತ್ರವನ್ನು ತೆಗೆದುಕೊಂಡು, ಬಿಸಿಯಿಂದ ನಡೆಯದೇ ಇರುವ ಘಟನೆಯನ್ನು ಅಳೆಯಲು ಹೊರಟಿದ್ದೇವೆ. ಚಿಲ್ಲರೆ ಬಿಸಿಯೇ ಸಿಗ್ನಲ್. ಆ ಚಿಲ್ಲರೆಯೊಳಗೆ ಬೇರೆ ಯಾವ ಬಿಸಿ ನುಸುಳಿದರೂ ಅದು ದೊಡ್ಡದಾಗಿ ಕಾಣುತ್ತದೆ.

ನುಸುಳಿತು ಕೂಡ. ಆ ಹುಡುಗ ಅದೇ ಪಾಲಿಮರ್, ಅದೇ 7.4 ಪಿಎಚ್ ಇಟ್ಟುಕೊಂಡು ಬಫರ್ ಮಾತ್ರ ಬದಲಾಯಿಸಿದ. ಫಾಸ್ಫೇಟ್ ಖಾಲಿಯಾಗಿತ್ತಂತೆ, ಟ್ರಿಸ್ ಹಾಕಿದ. ಗೆರೆ ಈ ಸಲ ಕೆಳಗೆ. "ಮೇಡಂ, ಈಗ ಸರಿಯಾಯ್ತು!" ಅಂತ ಓಡಿಬಂದ. ಪಾಪ, ಖುಷಿಯಲ್ಲಿದ್ದ. ಆದದ್ದು ಇಷ್ಟೇ: ಪಾಲಿಅಕ್ರಿಲಿಕ್ ಆಸಿಡ್ 7.4ರಲ್ಲೂ ತನ್ನ ಎಲ್ಲ ಪ್ರೋಟಾನ್ ಬಿಟ್ಟಿರುವುದಿಲ್ಲ. ಪ್ಲಸ್ ಸರಪಳಿ ಬಂದು ಕೂತಾಗ ಉಳಿದ ಪ್ರೋಟಾನ್‌ಗಳಲ್ಲಿ ಕೆಲವು ಹೊರಗೆ ಬೀಳುತ್ತವೆ. ಅವನ್ನು ಬಫರ್ ನುಂಗುತ್ತದೆ. ಒಂದು ಮೋಲ್ ಪ್ರೋಟಾನ್ ನುಂಗಿದರೆ ಟ್ರಿಸ್ ಬಿಡುವ ಬಿಸಿ ಸುಮಾರು 47 ಕಿಲೊಜೂಲ್. ಫಾಸ್ಫೇಟ್ ಬಿಡುವುದು 4ರ ಆಸುಪಾಸು. ಅಂದರೆ ಹತ್ತರಲ್ಲಿ ಒಂದು ಗುಂಪು ಪ್ರೋಟಾನ್ ಬಿಟ್ಟರೂ ಸಾಕು, ಟ್ರಿಸ್‌ನ ಬಿಸಿ ನಿಜವಾದ ಸಿಗ್ನಲ್ಲನ್ನು ಮುಚ್ಚಿಹಾಕುತ್ತದೆ. ಅವನು ಅಳೆದದ್ದು ಪಾಲಿಮರ್ ಅಲ್ಲ, ಟ್ರಿಸ್. ಯಂತ್ರಕ್ಕೆ ಇದು ಗೊತ್ತಾಗುವುದಿಲ್ಲ. ಎರಡೂ ಸಲ ಒಂದೇ ನಂಬಿಕೆಯಿಂದ ಅಂಕಿ ಪ್ರಿಂಟ್ ಮಾಡಿಕೊಟ್ಟಿತು.

ಉಪ್ಪಿನ ವಿಷಯವೂ ಹೀಗೇ. ಸೆಲ್‌ನಲ್ಲಿ 100 ಮಿಲಿಮೋಲಾರ್ ಉಪ್ಪು, ಸಿರಿಂಜಿನಲ್ಲಿ 105 ಇದ್ದರೆ ಮುಗಿಯಿತು, ನಿಮ್ಮ ಗ್ರಾಫ್ ತುಂಬ ಉಪ್ಪಿನ ಕಥೆಯೇ. ಪ್ರೋಟೀನ್ ಮಂದಿ ಎರಡನ್ನೂ ಸಣ್ಣ ರಂಧ್ರಗಳ ಚೀಲಕ್ಕೆ ಹಾಕಿ ಒಂದೇ ಬಫರ್‌ನಲ್ಲಿ ಮುಳುಗಿಸಿ, ಅಂದರೆ ಡಯಾಲಿಸಿಸ್ ಮಾಡಿ, ಪಾರಾಗುತ್ತಾರೆ. ಚಾರ್ಜ್ ಪಾಲಿಮರ್ ಅಲ್ಲೂ ಕೈ ಕೊಡುತ್ತದೆ. ಚೀಲದೊಳಗೆ ಅಷ್ಟು ಚಾರ್ಜ್ ಕೂತಿರುವಾಗ ಉಪ್ಪು ಒಳಗೂ ಹೊರಗೂ ಸಮನಾಗಿ ಹಂಚಿಕೆ ಆಗುವುದಿಲ್ಲ. ನಾನು ಮಾಡುವುದು ಇಷ್ಟು: ಬಫರ್ ಒಂದೇ ಬಾಟಲಿಯದ್ದು, ಪಾಲಿಮರ್ ಸಾಧ್ಯವಾದಷ್ಟು ತೆಳು, ಮತ್ತು ಪ್ರತಿ ಸಲ ಬರೀ ಬಫರ್‌ಗೆ ಪಾಲಿಮರ್ ಬಿಡುವ ಖಾಲಿ ಓಟ. ಆ ಖಾಲಿ ಓಟವನ್ನು ಕಳೆಯದೆ ಯಾರಾದರೂ ಗ್ರಾಫ್ ತೋರಿಸಿದರೆ ನಾನು ನೋಡುವುದೇ ಇಲ್ಲ.

ಈಗ ಸಾಫ್ಟ್‌ವೇರ್. ನೋಡಲು ಚೆನ್ನಾಗಿದೆ, ಬೇಸ್‌ಲೈನ್ (ಒಳಗೆ ಏನೂ ನಡೆಯದಾಗ ಇರುವ ಗೆರೆ) ತಾನೇ ಎಳೆಯುತ್ತದೆ, ಡೇಟಾವನ್ನು ಸಾದಾ ಟೆಕ್ಸ್ಟ್ ಫೈಲ್ ಆಗಿ ಹೊರಗೆ ತೆಗೆಯಬಹುದು. ಇಷ್ಟಕ್ಕೆ ಪೂರ್ತಿ ಅಂಕ. ಆಮೇಲೆ ಒಂದು ಬಟನ್ ಇದೆ, ಒತ್ತಿದರೆ ಎಸ್ ಆಕಾರದ ಗೆರೆ ಹೊಂದಿಸಿ ಎನ್, ಕೆ, ಡೆಲ್ಟಾ ಎಚ್ ಮೂರನ್ನೂ ಕೊಡುತ್ತದೆ. ಎಷ್ಟಕ್ಕೆ ಎಷ್ಟು ಸೇರಿತು, ಎಷ್ಟು ಗಟ್ಟಿ, ಎಷ್ಟು ಬಿಸಿ. ಈ ಬಟನ್ ಹಿಂದೆ ಇರುವ ಲೆಕ್ಕ ಏನು ಅಂದುಕೊಳ್ಳುತ್ತದೆ ಅಂದರೆ, ಒಂದಕ್ಕೊಂದು ಸಂಬಂಧ ಇಲ್ಲದ ಬೇರೆ ಬೇರೆ ಕುರ್ಚಿಗಳಿವೆ, ಒಬ್ಬೊಬ್ಬರು ಬಂದು ಕೂರುತ್ತಾರೆ. ಪ್ರೋಟೀನ್ ಮತ್ತು ಔಷಧಿಯ ಅಣುವಿಗೆ ಇದು ಸರಿ. ಸರಪಳಿಗೆ ಸರಿಯಾಗುವುದು ಹೇಗೆ? ಒಂದು ಗುಂಪು ಕೂತರೆ ಪಕ್ಕದ್ದು ಸುಮ್ನೆ ಇರುವುದಿಲ್ಲ, ಎಳೆದುಕೊಂಡು ಬರುತ್ತದೆ. ಅರ್ಧ ದಾರಿಯಲ್ಲಿ ಸರಪಳಿಗಳೆಲ್ಲ ಒಟ್ಟಾಗಿ ಹನಿಗಳಾಗುತ್ತವೆ, ಅದಕ್ಕೂ ಬೇರೆ ಬಿಸಿ ಇದೆ. ಹಾಗಾಗಿಯೇ ಎಷ್ಟೋ ಸಲ ಗ್ರಾಫ್‌ನಲ್ಲಿ ಚಾರ್ಜ್ ಸಮ ಆಗುವುದಕ್ಕೆ ಸ್ವಲ್ಪ ಮೊದಲು ಒಂದು ಉಬ್ಬು ಏಳುತ್ತದೆ. ಸಾಫ್ಟ್‌ವೇರ್ ಅದನ್ನು ನೋಡಿಯೂ ನೋಡದವರ ಹಾಗೆ ಮಧ್ಯದಲ್ಲಿ ಗೆರೆ ಎಳೆದು, ಕೆ ಬೆಲೆಯನ್ನು ನಾಲ್ಕು ಅಂಕಿಯವರೆಗೆ ಕೊಡುತ್ತದೆ. ನಾಲ್ಕು ಅಂಕಿ! ನನಗಂತೂ ಮೊದಲನೇ ಅಂಕಿಯ ಮೇಲೇ ನಂಬಿಕೆ ಇಲ್ಲ. ನಾನು ಕಳೆದ ಒಂದು ಸ್ಟಾರ್ ಇದೇ.

ಇನ್ನೊಂದು ಪರೀಕ್ಷೆ ಮಾಡಿ ನೋಡಿ. ಸೆಲ್ ಮತ್ತು ಸಿರಿಂಜ್ ಅದಲುಬದಲು ಮಾಡಿ. ನಿಜವಾದ ಸಮತೋಲನ ಆಗಿದ್ದರೆ ಅದೇ ಕೆ ಬರಬೇಕು. ಪಾಲಿಸ್ಟೈರೀನ್ ಸಲ್ಫೋನೇಟ್ (ಇದೂ ಮೈನಸ್ ಸರಪಳಿ) ಮತ್ತು ಪಾಲಿ-ಡ್ಯಾಡ್‌ಮ್ಯಾಕ್ ಜೋಡಿಯಲ್ಲಿ, ಉಪ್ಪು ಕಡಿಮೆ ಇದ್ದಾಗ, ನನಗೆ ಒಮ್ಮೆಯೂ ಬಂದಿಲ್ಲ. ಈ ಎರಡು ಒಮ್ಮೆ ಹಿಡಿದುಕೊಂಡರೆ ಬಿಡುವ ಜಾತಿಯಲ್ಲ, ಹೇಗೆ ಸಿಕ್ಕಿಕೊಂಡವೋ ಹಾಗೇ ಗಂಟಾಗಿ ಉಳಿಯುತ್ತವೆ. ಉಪ್ಪು ಜಾಸ್ತಿ ಮಾಡಿದರೆ ಗಂಟು ಸಡಿಲವಾಗುತ್ತದೆ, ಜಾಗ ಬದಲಾಯಿಸುತ್ತವೆ. ಹಾಗಾಗಿ ಒಂದೇ ಉಪ್ಪಿನಲ್ಲಿ ಒಂದು ಕೆ ಅಳೆದು ಪೇಪರ್‌ಗೆ ಹಾಕುವುದಕ್ಕಿಂತ, ನಾಲ್ಕೈದು ಉಪ್ಪಿನ ಮಟ್ಟದಲ್ಲಿ ಅಳೆದು, ಕೆ ಮತ್ತು ಉಪ್ಪು ಎರಡರದ್ದೂ ಲಾಗ್ ತೆಗೆದು ಗ್ರಾಫ್ ಹಾಕುವುದು ಉತ್ತಮ. ಆ ಗೆರೆಯ ಇಳಿಜಾರು ಎಷ್ಟು ಅಯಾನು ಬಿಡುಗಡೆ ಆಯಿತು ಅಂತ ಹೇಳುತ್ತದೆ. ಡಿಎನ್ಎಗೆ ಅಂಟುವ ಅಣುಗಳ ಮೇಲೆ ಥಾಮಸ್ ರೆಕಾರ್ಡ್, ತಿಮೋತಿ ಲೋಮನ್ ಮುಂತಾದ ವಿಜ್ಞಾನಿಗಳು 1970ರ ದಶಕದಲ್ಲಿ ತೋರಿಸಿಕೊಟ್ಟ ದಾರಿ ಇದು. ಕೆಗಿಂತ ಈ ಇಳಿಜಾರನ್ನು ನಾನು ಜಾಸ್ತಿ ನಂಬುತ್ತೇನೆ. ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಬಟನ್ ಇಲ್ಲ, ಸ್ಪ್ರೆಡ್‌ಶೀಟ್‌ನಲ್ಲಿ ಕೈಯಾರೆ ಮಾಡಬೇಕು.

ಎನ್ ಮಾತ್ರ ಚೆನ್ನಾಗಿ ಬರುತ್ತದೆ. ಅಷ್ಟು ಚೆನ್ನಾಗಿ ಬರುತ್ತದೆ ಅಂದರೆ ನಮ್ಮ ತಪ್ಪನ್ನೇ ಹಿಡಿದುಕೊಟ್ಟಿತು. ಸೆಲ್‌ನಲ್ಲಿ ಡ್ಯಾಡ್‌ಮ್ಯಾಕ್ 1 ಮಿಲಿಮೋಲಾರ್, ಸಿರಿಂಜಿನಲ್ಲಿ ಸ್ಟೈರೀನ್ ಸಲ್ಫೋನೇಟ್ 10 ಮಿಲಿಮೋಲಾರ್. ಎರಡೂ ಚಾರ್ಜ್ ಲೆಕ್ಕದಲ್ಲಿ, ಸರಪಳಿ ಲೆಕ್ಕದಲ್ಲಿ ಅಲ್ಲ. ಹತ್ತನೇ ಇಂಜೆಕ್ಷನ್ ಹೊತ್ತಿಗೆ ಗೆರೆ ತಿರುಗಬೇಕು, ಅನುಪಾತ 1 ಬರಬೇಕು. ಬಂದದ್ದು 1.19. ಮೂರು ಸಲ ಮಾಡಿದರೂ 1.19. ಒಂದು ವಾರ ಎಲ್ಲರನ್ನೂ, ಸಿರಿಂಜನ್ನೂ, ತಕ್ಕಡಿಯನ್ನೂ ಬೈದದ್ದಾಯಿತು. ಕೊನೆಗೆ ಆ ಸ್ಟೈರೀನ್ ಸಲ್ಫೋನೇಟ್‌ನ ಬಿಳಿ ಪುಡಿಯನ್ನು ರಾತ್ರಿಯಿಡೀ 110 ಡಿಗ್ರಿ ಓವನ್‌ನಲ್ಲಿಟ್ಟು ತೂಗಿದೆ. ನೂರರಲ್ಲಿ 16 ಭಾಗ ಮಾಯ. ಬಾಟಲಿಯೊಳಗೆ ಅಷ್ಟು ನೀರು ಕೂತಿತ್ತು! ಈ ಪುಡಿಗಳು ಗಾಳಿಯ ತೇವ ಕುಡಿಯುತ್ತವೆ ಅಂತ ಗೊತ್ತಿತ್ತು, ಇಷ್ಟು ಕುಡಿದಿರುತ್ತವೆ ಅಂತ ಗೊತ್ತಿರಲಿಲ್ಲ. 1ನ್ನು 0.84ರಿಂದ ಭಾಗಿಸಿ ನೋಡಿ, 1.19.

ಆಗಿನಿಂದ ಯಾವ ಪಾಲಿಮರ್ ಬಂದರೂ ಮೊದಲು ಕಲಾಯ್ಡ್ ಟೈಟ್ರೇಷನ್. ತೆರಯಾಮ ಅನ್ನುವವರು 1952ರಲ್ಲಿ ಬರೆದ ವಿಧಾನ. ಬೇಕಾಗುವುದು ಒಂದು ಬ್ಯುರೆಟ್, ಒಂದು ಫ್ಲಾಸ್ಕ್, ಎರಡು ಹನಿ ಟೊಲ್ಯುಡಿನ್ ಬ್ಲೂ. ಫ್ಲಾಸ್ಕ್‌ನಲ್ಲಿ ಪ್ಲಸ್ ಪಾಲಿಮರ್, ಬ್ಯುರೆಟ್‌ನಲ್ಲಿ ಪಾಲಿವಿನೈಲ್ ಸಲ್ಫೇಟ್. ಪ್ಲಸ್ ಎಲ್ಲ ಮುಗಿದ ಮೇಲೆ ಬೀಳುವ ಮೊದಲ ಹನಿಗೆ ನೀಲಿ ಹೋಗಿ ಕೆಂಪು ಮಿಶ್ರಿತ ನೇರಳೆ ಬರುತ್ತದೆ, ಬಣ್ಣದ ಅಣುಗಳು ಹೋಗಿ ಮೈನಸ್ ಸರಪಳಿಯ ಮೇಲೆ ಸಾಲಾಗಿ ಕೂರುವುದರಿಂದ. ನೋಡಲು ಎಷ್ಟು ಚಂದ ಅಂದರೆ, ಹೊಸಬರಿಗೆ ಮೊದಲು ಇದನ್ನೇ ತೋರಿಸುತ್ತೇನೆ. ಈ ಬರಹ ಬ್ಯುರೆಟ್‌ನ ವಿಮರ್ಶೆ ಆಗಿದ್ದರೆ ಐದಕ್ಕೆ ಐದು.

ಜೊತೆಗೆ ಇನ್ನೇನು ಇಟ್ಟುಕೊಳ್ಳಬೇಕು? ಒಂದು ಸ್ಪೆಕ್ಟ್ರೋಫೋಟೋಮೀಟರ್, ದ್ರಾವಣ ಎಷ್ಟು ಮಬ್ಬಾಯಿತು ಅಂತ ನೋಡಲು. ಆಮೇಲೆ ಒಂದು ಮೈಕ್ರೋಸ್ಕೋಪ್. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವ ಹಾಗೆ, ಮಬ್ಬಾದದ್ದೆಲ್ಲ ಒಂದೇ ಅಲ್ಲ. ಕೆಲವು ಜೋಡಿಗಳು ದುಂಡಗಿನ ದ್ರವದ ಹನಿಗಳಾಗುತ್ತವೆ. ಎರಡು ಹನಿ ತಾಗಿದರೆ ಒಂದಾಗುತ್ತವೆ. ಬುಂಗೆನ್‌ಬರ್ಗ್ ಡಿ ಯಾಂಗ್ ಮತ್ತು ಕ್ರೈಟ್ 1929ರಲ್ಲಿ ಕೋಅಸರ್ವೇಟ್ ಅಂತ ಹೆಸರಿಟ್ಟದ್ದು ಇವಕ್ಕೆ. ಇನ್ನು ಕೆಲವು ಗಟ್ಟಿ ಚೂರುಗಳಾಗಿ ತಳಕ್ಕೆ ಬೀಳುತ್ತವೆ. ಹೊರಗಿನಿಂದ ಎರಡೂ ಬಿಳಿ. ಐಟಿಸಿಗೆ ಎರಡೂ ಒಂದೇ ಗೆರೆ. ಚದುರುವ ಬೆಳಕಿನಿಂದ ಕಣಗಳ ಗಾತ್ರ ಅಳೆಯುವ ಡಿಎಲ್ಎಸ್ ಯಂತ್ರ ಇದ್ದರೆ ಅದೂ ಒಳ್ಳೆಯದು, ಆದರೆ ಅದರಲ್ಲಿ ಪುಟ್ಟ ಕಣಗಳ ಬೆಳಕು ಅಗಲದ ಆರನೇ ಘಾತಕ್ಕೆ ಏರುತ್ತದೆ. ಹತ್ತು ಪಟ್ಟು ದೊಡ್ಡ ಕಣ ಹತ್ತು ಲಕ್ಷ ಪಟ್ಟು ಹೊಳೆಯುತ್ತದೆ. ಫಿಲ್ಟರ್ ಮಾಡದ ಬಫರ್ ಹಾಕಿದರೆ ನೀವು ಅಳೆಯುವುದು ಧೂಳನ್ನು.

ಸರ್ವಿಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇಂಜಿನಿಯರ್ ಒಳ್ಳೆಯವರು, ಬರುವುದು ತಡ. ಮ್ಯಾನ್ಯುಯಲ್‌ನಲ್ಲಿ ಪಾಲಿಮರ್‌ಗೆ ಅರ್ಧ ಪುಟ ಇದೆ, ಅದರಲ್ಲೂ ಅರ್ಧ ಚಿತ್ರ.

ತೊಳೆಯುವ ಕಥೆ ಮಾತ್ರ ಹೇಳಲೇಬೇಕು. ಎರಡನೇ ವರ್ಷ ಬೇಸ್‌ಲೈನ್ ಅಲುಗಾಡಲು ಶುರುವಾಯಿತು. ಎಳೆದ ಗೆರೆ ಇರಬೇಕಾದ ಕಡೆ ಹುಳು ಹರಿದ ಹಾಗೆ. ಗುಳ್ಳೆ ಇರಬಹುದು ಅಂತ ದ್ರಾವಣದ ಗಾಳಿ ತೆಗೆದು ಹಾಕಿದೆ, ಹೋಗಲಿಲ್ಲ. ಮ್ಯಾನ್ಯುಯಲ್ ಪ್ರಕಾರ ಡಿಟರ್ಜೆಂಟ್, ಆಮೇಲೆ ನೀರು, ಆಮೇಲೆ ಮೆಥನಾಲ್. ಏನೂ ಆಗಲಿಲ್ಲ. ಸೆಲ್‌ನೊಳಗೆ ಕಣ್ಣು ಹಾಯಿಸಲು ಆಗುವುದಿಲ್ಲ, ಕಡ್ಡಿಯಷ್ಟು ದಪ್ಪದ ಕೊಳವೆ ಅದಕ್ಕೆ ಬಾಯಿ. ಸಿರಿಂಜಿನ ತುದಿಯ ಕಲಕುವ ಅಲಗು ನೋಡಿದಾಗ ಗೊತ್ತಾಯಿತು. ಅದರ ಮೇಲೆ ತೆಳ್ಳಗೆ, ಬೆಳ್ಳಗೆ, ಉಗುರಿನಲ್ಲಿ ಕೆರೆದರೆ ಸಿಪ್ಪೆಯ ಹಾಗೆ ಏಳುವ ಪದರ. ನಮ್ಮದೇ ಸಲ್ಫೋನೇಟ್-ಡ್ಯಾಡ್‌ಮ್ಯಾಕ್ ಜೋಡಿ. ಅಂದರೆ ಸೆಲ್ ಗೋಡೆಯ ಮೇಲೂ ಅದೇ.

ಆಗ ಹೊಳೆದದ್ದು: ವರ್ಷವಿಡೀ ಅಳೆಯುತ್ತಿರುವುದೇನು, ಉಪ್ಪು ಹಾಕಿದರೆ ಈ ಜೋಡಿ ಸಡಿಲವಾಗುತ್ತದೆ ಅಂತ ತಾನೇ? ಮೊದಲು ಸೋಡಿಯಂ ಕ್ಲೋರೈಡ್ ಗಟ್ಟಿಯಾಗಿ ಕಲಸಿ ಹಾಕಿದೆ. ಪದರ ಮೆತ್ತಗಾಯಿತು, ಕರಗಲಿಲ್ಲ. ಆಮೇಲೆ ಪೊಟ್ಯಾಸಿಯಂ ಬ್ರೋಮೈಡ್, 2.5 ಮೋಲಾರ್. ಕ್ಲೋರೈಡ್‌ಗಿಂತ ಬ್ರೋಮೈಡ್ ಡ್ಯಾಡ್‌ಮ್ಯಾಕ್‌ನ ಪ್ಲಸ್ ಗುಂಪನ್ನು ಗಟ್ಟಿಯಾಗಿ ಹಿಡಿಯುತ್ತದೆ, ಹಾಗಾಗಿ ಸಲ್ಫೋನೇಟ್‌ನ ಜಾಗ ಕಸಿದುಕೊಳ್ಳುತ್ತದೆ. ಅಲಗಿನ ಮೇಲಿನ ಬಿಳಿ ಪದರ ಕಣ್ಣೆದುರೇ ಪಾರದರ್ಶಕವಾಗಿ, ಜಾರಿ, ಹೋಯಿತು. ಸೆಲ್‌ಗೂ ಅದನ್ನೇ ಎರಡು ಸಲ ಹಾಯಿಸಿ, ಹೆಚ್ಚು ಹೊತ್ತು ಬಿಡದೆ ತುಂಬಾ ನೀರಿನಿಂದ ತೊಳೆದೆ. ಬೇಸ್‌ಲೈನ್ ಮತ್ತೆ ಎಳೆದ ಗೆರೆ. ಇಂಜಿನಿಯರ್‌ಗೆ ಹೇಳಿದೆ. "ಮೇಡಂ, ಇದು ನಮ್ಮ ಪಟ್ಟಿಯಲ್ಲಿ ಇಲ್ಲ" ಅಂದರು. ಇರಬೇಕಿತ್ತು. ನೀವು ಮಾಡುವ ಮೊದಲು ನಿಮ್ಮ ಸೆಲ್‌ನ ಲೋಹಕ್ಕೆ ಬ್ರೋಮೈಡ್ ಆಗುತ್ತದಾ ಅಂತ ಕೇಳಿಕೊಳ್ಳಿ.

ಹಾಗಾದರೆ ಕೊಳ್ಳಬೇಕಾ? ಹೆಪರಿನ್-ಪ್ರೋಟಮಿನ್ ಥರದ ಜೋಡಿಗಳ ಮೇಲೆ ಕೆಲಸ ಮಾಡುವವರಾದರೆ ಖಂಡಿತ ಬೇಕು. ಹೃದಯದ ಶಸ್ತ್ರಚಿಕಿತ್ಸೆ ಮುಗಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ತಡೆದಿದ್ದ ಹೆಪರಿನ್‌ನ್ನು ಪ್ರೋಟಮಿನ್ ಕೊಟ್ಟು ಸುಮ್ಮನಾಗಿಸುತ್ತಾರಲ್ಲ, ಅದೂ ಪ್ಲಸ್-ಮೈನಸ್ ಸರಪಳಿಗಳ ಆಟವೇ. ಅಂಥ ಕಡೆ ಎಷ್ಟಕ್ಕೆ ಎಷ್ಟು ಅನ್ನುವುದೇ ಮುಖ್ಯ, ಅದನ್ನು ಇದು ಚೆನ್ನಾಗಿ ಕೊಡುತ್ತದೆ. ಬರೀ ಚಾರ್ಜ್ ಎಷ್ಟಿದೆ ಅಂತ ತಿಳಿಯಬೇಕಾದರೆ ಬ್ಯುರೆಟ್ ಸಾಕು.

ಡೆಮೊ ಕೊಡಲು ಬಂದಾಗ ಅವರು ಇಡಿಟಿಎ ಓಡಿಸಿ ಚಂದದ ಎಸ್ ಗೆರೆ ತೋರಿಸುತ್ತಾರೆ. ಅದನ್ನು ನೋಡಿ ತಲೆದೂಗಿ, ಆಮೇಲೆ ನಿಮ್ಮ ಪಾಲಿಮರ್ ಜೋಡಿಯನ್ನೇ ಕೈಗೆ ಕೊಡಿ. ಒಮ್ಮೆ ಹಾಗೆ, ಒಮ್ಮೆ ಅದಲುಬದಲು ಮಾಡಿ ಓಡಿಸಲು ಹೇಳಿ. ಓಟ ಮುಗಿದ ಮೇಲೆ ಅವರನ್ನು ಕಳಿಸಿಬಿಡಬೇಡಿ, ಸೆಲ್ ತೊಳೆದು ಬೇಸ್‌ಲೈನ್ ನೆಟ್ಟಗಾಗುವವರೆಗೆ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿರಿ.